ಎರಡು ಸಲ ಹೇಳಿದ ಬೆಲೆ

ಕುದುರೆಗೆ ಬೆಲೆ ಕಟ್ಟುವವರು ಬೆಳಗಿನ ಮೇವು ಹಾಕುವುದಕ್ಕೆ ಮೊದಲೇ ಹೋಗಿ ನಿಲ್ಲಬೇಕು. ಹೊಟ್ಟೆ ತುಂಬಿದ ಮೇಲೆ ಎಲ್ಲ ಕುದುರೆಗಳೂ ಸಾಧುವಾಗಿಯೇ ಕಾಣುತ್ತವೆ. ಹಾಗಾಗಿ ಆ ದಿನ ಮೊದಲನೆಯ ಬಸ್ಸು ಹಿಡಿದೆ. ಮೆಟ್ಟಿಲು ಹತ್ತುವಾಗ ಎಡ ಮಂಡಿ ಕಟಕ್ಕೆಂದಿತು. ಇದೊಂದು ಮುಗಿಯಲಿ, ಇದೇ ಕೊನೆಯದು ಎಂದು ಮಂಡಿಗೆ ಸಮಾಧಾನ ಹೇಳಿದೆ. ತಂಗಿಗೂ ಅದನ್ನೇ ಬರೆದು ಹಾಕಿದ್ದೆ. ಈ ವಾರ ಕಳೆದರೆ ನಿನ್ನ ಮನೆಗೆ ಬಂದುಬಿಡುತ್ತೇನೆ, ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಡು, ಆಮೇಲೆ ನನ್ನನ್ನು ಯಾರೂ ಎಬ್ಬಿಸುವುದು ಬೇಡ.

ನನ್ನ ಯಜಮಾನರು ಲಾಳ ಹೊಡೆಯುವವರು. ಅವರು ಗೊರಸು ಎತ್ತಿ ತೊಡೆಯ ಮೇಲಿಟ್ಟುಕೊಂಡರೆ ನಾನು ಕುದುರೆಯ ತಲೆ ಹಿಡಿದು ನಿಲ್ಲುತ್ತಿದ್ದೆ. ಇಪ್ಪತ್ತೆಂಟು ವರ್ಷ ತಲೆಯ ಕಡೆ ನಿಂತವಳಿಗೆ ಕುದುರೆಯ ಬುದ್ಧಿ ತಿಳಿಯದೆ ಇರುತ್ತದೆಯೇ ಎಂದುಕೊಂಡು, ಅವರು ಹೋದ ಮೇಲೆ ಜನ ಬೆಲೆ ಕೇಳಲು ನನ್ನ ಹತ್ತಿರ ಬರತೊಡಗಿದರು. ಲಾಳದಮ್ಮ ಎಂಬ ಹೆಸರೂ ಅಂಟಿಕೊಂಡಿತು.

ಈ ಕೆಲಸಕ್ಕೆ ಒಂದೇ ಕಟ್ಟುಪಾಡು. ಮಾರುವವರು ಮತ್ತು ಕೊಳ್ಳುವವರು ಇಬ್ಬರೂ ಕುದುರೆಯ ಹಗ್ಗ ಹಿಡಿದು ನಿಂತಾಗ ಬೆಲೆಯನ್ನು ಒಂದು ಸಲ ಹೇಳಬೇಕು. ಚೌಕಾಸಿ ಇಲ್ಲ. ಒಪ್ಪದವರು ಹಗ್ಗ ಬಿಟ್ಟು ಹೋಗಬಹುದು. ಒಪ್ಪಿದರೆ ಚೀಟಿ ಬರೆದುಕೊಡುವುದು. ಹಣವೂ ಕುದುರೆಯೂ ಕೈ ಬದಲಾಗುವುದು ಮರುದಿನ ಬೆಳಗ್ಗೆ. ಹೇಳಿದ ಬೆಲೆಯನ್ನು ತಿರುಗಿಸಿ ಹೇಳಿದವರನ್ನು ಮತ್ತೆ ಯಾರೂ ಕರೆಯುವುದಿಲ್ಲ. ನಾನು ಒಂದು ಸಲವೂ ತಿರುಗಿಸಿ ಹೇಳಿದವಳಲ್ಲ.

ಮಕ್ಕಳ ಆಟದ ಬಯಲನ್ನು ಆ ತಿಂಗಳು ಮುಚ್ಚುತ್ತಿದ್ದರು. ಸುತ್ತುವ ಚಕ್ರದಿಂದ ಮರದ ಕುದುರೆಗಳನ್ನೆಲ್ಲ ಬಿಚ್ಚಿ, ಗೋಣಿ ಸುತ್ತಿ, ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿದ್ದರು. ಹಾಡು ಹಾಕುತ್ತಿದ್ದ ದೊಡ್ಡ ಲೌಡ್‌ಸ್ಪೀಕರನ್ನೂ ಕಂಬದಿಂದ ಇಳಿಸಿದ್ದರು. ಅದರ ಬಾಯಲ್ಲಿ ಮಳೆನೀರು ನಿಂತಿತ್ತು. ಆ ಕಂಬದ ಬುಡದಲ್ಲೇ ಒಂದು ತಗಡಿನ ಮಾಡು. ಮಾಡಿನ ಕೆಳಗೆ ಬೂದಿ ಬಣ್ಣದ ತಟ್ಟು ಕುದುರೆ, ಬೂದ. ನನ್ನ ಎದೆಯ ಎತ್ತರಕ್ಕೂ ಬರುವುದಿಲ್ಲ.

ಅದರ ಯಜಮಾನ ಹನ್ನೊಂದು ವರ್ಷದಿಂದ ಮಕ್ಕಳನ್ನು ಕೂರಿಸಿ, ಹಗ್ಗ ಹಿಡಿದು, ಅದೇ ಸುತ್ತು ಸುತ್ತಿಸಿದವನು. ಸವಾರಿಯಣ್ಣ ಎಂದೇ ಎಲ್ಲರಿಗೂ ಗೊತ್ತು. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು, ಹಾಗಾಗಿ ನನಗೆ ತಮ್ಮ.

“ಮಗಳ ಮನೆಗೆ ಹೋಗ್ತಾ ಇದೀನಿ ಅಕ್ಕ. ಮೂರನೇ ಮಹಡಿ. ಲಿಫ್ಟ್ ಇದೆ. ಆದ್ರೆ ಇವನನ್ನ ಹತ್ತಿಸಲ್ಲವಂತೆ,” ಎಂದ.

“ನಿನ್ನನ್ನ ಹತ್ತಿಸ್ತಾರಲ್ಲ, ಅದೇ ದೊಡ್ಡದು,” ಎಂದೆ.

ಗೇಟಿಗೆ ಒರಗಿಕೊಂಡು ಇನ್ನೊಬ್ಬ ನಿಂತಿದ್ದ, ಹೆಗಲ ಮೇಲೆ ಹಗ್ಗ. ಇಟ್ಟಿಗೆ ಗೂಡಿಗೆ ಕುದುರೆ ಹಿಡಿದು ಕೊಡುವವನು. ಎಲ್ಲಿ ಮಾರಾಟ ಮುರಿಯುವ ಹಾಗಿರುತ್ತದೋ ಅಲ್ಲಿ ಇವನು ಬಂದಿರುತ್ತಾನೆ. ಗೂಡಿನಲ್ಲಿ ಇಷ್ಟು ಚಿಕ್ಕ ಕುದುರೆ ಎರಡು ವರ್ಷ ಬಾಳಿದರೆ ಹೆಚ್ಚು.

“ನನ್ನದು ಹದಿನೈದು ಸಾವಿರ. ಹಲ್ಲು ನೋಡಲ್ಲ, ಬಾಲ ನೋಡಲ್ಲ. ಅವರು ಬೇಡ ಅಂದ್ರೆ ಕೂಗಿ ಸಾಕು,” ಎಂದು ಅಲ್ಲಿಂದಲೇ ಹೇಳಿದ.

ಕೊಳ್ಳುವವರು ಬಂದರು. ಕನ್ನಡಕದ ಅಂಗಡಿಯವನು, ಅವನ ಎಂಟು ವರ್ಷದ ಮಗಳು. ಆ ಹುಡುಗಿ ಒಂದು ವರ್ಷದಿಂದ ಪ್ರತಿ ಭಾನುವಾರ ಬಂದು ಬೂದನ ಮೇಲೆ ಮೂರು ಸುತ್ತು ಸುತ್ತಿ, ಇಳಿದು, ಅದರ ಕತ್ತಿಗೆ ಮುಖ ಹಚ್ಚಿ ಏನೋ ಪಿಸುಗುಟ್ಟಿ ಹೋಗುತ್ತಿದ್ದಳಂತೆ. ಅವರ ಮನೆಯ ಹಿಂದೆ ಅಂಗಳವಿದೆ, ಹಳೆಯ ಕೊಟ್ಟಿಗೆಯಿದೆ. ಬಯಲು ಮುಚ್ಚುತ್ತದೆ ಎಂದು ತಿಳಿದ ದಿನದಿಂದ ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ.

“ನನಗೆ ಕುದುರೆ ವಿಷಯ ಏನೂ ಗೊತ್ತಿಲ್ಲಮ್ಮ. ನಮ್ಮ ಮನೇಲಿ ಒಂದು ಬೆಕ್ಕಿತ್ತು. ಅದೇ ಬಂತು, ಅದೇ ಹೋಯ್ತು,” ಎಂದ ಅಪ್ಪ. “ಇವಳಿಗೆ ಏಟಾಗಬಾರದು, ಅಷ್ಟೇ ನನಗೆ ಬೇಕಾಗಿರೋದು. ಉಳಿದದ್ದು ನೀವು ನೋಡಿ.”

ದೊಡ್ಡವರ ಕುದುರೆಗೆ ಓಟಕ್ಕೆ ಬೆಲೆ, ಹೊರುವ ಕುದುರೆಗೆ ಬೆನ್ನಿಗೆ ಬೆಲೆ. ಮಗುವಿನ ಮೊದಲನೆಯ ಕುದುರೆಗೆ, ಅದು ಏನೇನು ಮಾಡುವುದಿಲ್ಲ ಎನ್ನುವುದಕ್ಕೆ ಬೆಲೆ. ಕಚ್ಚುವುದಿಲ್ಲ, ಒದೆಯುವುದಿಲ್ಲ, ಬೆಚ್ಚುವುದಿಲ್ಲ. ನಾನು ಮೊದಲು ಬಾಯಿ ಬಿಡಿಸಿದೆ. ಮೇಲಿನ ಮೂಲೆಹಲ್ಲಿನ ಕಂದು ಗೀರು ಅರ್ಧಕ್ಕೆ ಇಳಿದಿತ್ತು; ಅಂದರೆ ವಯಸ್ಸು ಹದಿನೈದು. ನಾಲ್ಕೂ ಗೊರಸು ಎತ್ತಿ ನೋಡಿದೆ. ಹುಡುಗಿಯನ್ನು ಅದರ ಹೊಟ್ಟೆಯ ಕೆಳಗೆ ಆ ಕಡೆಯಿಂದ ಈ ಕಡೆಗೆ ತೂರಿಸಿದೆ. ಅವಳ ಅಪ್ಪ ಜೇಬಿನಿಂದ ಪುಟ್ಟ ಟಾರ್ಚು ತೆಗೆದು ಅದರ ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದ.

“ಪೊರೆ ಇಲ್ಲ. ನನಗಿಂತ ಚೆನ್ನಾಗಿ ಕಾಣುತ್ತೆ ಇದಕ್ಕೆ,” ಎಂದ.

“ಕನ್ನಡಕ ಮಾರೋಕಾಗಲ್ಲ ಅಂತ ಬೇಜಾರಾ ಸ್ವಾಮಿ?” ಎಂದ ಸವಾರಿಯಣ್ಣ. ಎಲ್ಲರೂ ನಕ್ಕರು.

ಕೊನೆಯದು ಬಕೆಟ್ಟಿನ ಪರೀಕ್ಷೆ. ಹುಡುಗಿಯನ್ನು ಮುಂದೆ ನಿಲ್ಲಿಸಿ, ಸದ್ದಿಲ್ಲದೆ ಹಿಂದೆ ಹೋಗಿ, ತಗಡಿನ ಬಕೆಟ್ಟನ್ನು ಕಲ್ಲಿನ ಮೇಲೆ ಎತ್ತಿ ಹಾಕಿದೆ. ಹುಡುಗಿ ಬೆಚ್ಚಿದಳು, ಅಪ್ಪ ಬೆಚ್ಚಿದ, ಗೇಟಿನವನು ಕೂಡ ತಿರುಗಿದ. ಬೂದ ಮಾತ್ರ ಹುಡುಗಿಯನ್ನೇ ನೋಡುತ್ತ ನಿಂತಿತ್ತು. ಇಷ್ಟು ವರ್ಷದಲ್ಲಿ ಬಕೆಟ್ಟಿಗೆ ಚರ್ಮವೂ ಅಲುಗಿಸದ ಕುದುರೆಯನ್ನು ನಾನು ನೋಡಿದ್ದು ಎರಡು ಸಲ ಮಾತ್ರ.

ಇಬ್ಬರೂ ಹಗ್ಗ ಹಿಡಿದರು. “ನಲವತ್ತು ಸಾವಿರ,” ಎಂದೆ. ಗೇಟಿನವನು ಉಗುಳಿದ. ಕನ್ನಡಕದವನು ಮಗಳ ಮುಖ ನೋಡಿ ತಲೆಯಾಡಿಸಿದ. ಚೀಟಿ ಬರೆದುಕೊಟ್ಟೆ. ಕೊನೆಯ ಕೆಲಸ ಚೆನ್ನಾಗಿ ಮುಗಿಯಿತು ಎನ್ನಿಸಿತು.

ಗಿರಣಿಯ ಹತ್ತಿರ ಬಸ್ಸು ಬದಲಾಯಿಸಬೇಕು. ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದೆ. ಎದುರಿಗೆ ಮೂರು ಗಾಡಿಗಳು, ಮೂರು ಮುದಿ ಕುದುರೆಗಳು. ಮೂರೂ ಕಣ್ಣು ಅರ್ಧ ಮುಚ್ಚಿಕೊಂಡು ನಿಂತಲ್ಲೇ ತೂಕಡಿಸುತ್ತಿದ್ದವು. ಹತ್ತು ಗಂಟೆಗೆ ಗಿರಣಿಯ ಸೈರನ್ ಕೂಗಿತು. ಯಾವ ಕುದುರೆಯೂ ಕಣ್ಣು ತೆರೆಯಲಿಲ್ಲ, ಕಾಲು ಕದಲಿಸಲಿಲ್ಲ. ದಿನಾ ಕೇಳುವ ಕೂಗು. ಆದರೆ ಆರು ಕಿವಿಗಳೂ ಒಟ್ಟಿಗೆ ಗಿರಣಿಯ ಕಡೆ ತಿರುಗಿದವು.

ನನ್ನ ಕೈ ಮಂಡಿಯ ಮೇಲೆ ನಿಂತುಬಿಟ್ಟಿತು.

ಬೆಚ್ಚದೆ ಇರುವುದು ಬೇರೆ. ಎಷ್ಟೇ ಸಾಧುವಾದ ಕುದುರೆಯಾದರೂ ಸದ್ದು ಬಂದ ಕಡೆಗೆ ಕಿವಿ ಹೋಗಲೇಬೇಕು. ಅದು ಕುದುರೆಯ ಕೈಯಲ್ಲಿಲ್ಲ. ಬಕೆಟ್ಟು ಬಿದ್ದಾಗ ಬೂದನ ಕಿವಿ ಎಲ್ಲಿತ್ತು? ಮುಂದೆ, ಹುಡುಗಿಯ ಕಡೆಗೆ. ಬೀಳುವ ಮೊದಲೂ ಅಲ್ಲೇ, ಬಿದ್ದ ಮೇಲೂ ಅಲ್ಲೇ. ಇಪ್ಪತ್ತೆಂಟು ವರ್ಷ ತಲೆಯ ಕಡೆ ನಿಂತವಳು ಆ ದಿನ ಬಾಲದ ಕಡೆ ನಿಂತು ಹಿಂಗಾಲು ಎತ್ತುತ್ತದೆಯೇ ಎಂದು ನೋಡಿದ್ದೆ. ಕಿವಿ ಎದುರಿಗೇ ಕಂಡಿತ್ತು, ನಾನು ಗಮನಿಸಿರಲಿಲ್ಲ.

ಅಷ್ಟರಲ್ಲಿ ನಮ್ಮ ಕಡೆಯ ಬಸ್ಸು ಬಂತು. ಕಿಟಕಿಯ ಪಕ್ಕದ ಸೀಟು ಖಾಲಿಯಿತ್ತು. ಹತ್ತಿ ಕೂತರೆ ಇಪ್ಪತ್ತು ನಿಮಿಷಕ್ಕೆ ಮನೆ. ಮುದಿ ಕುದುರೆ, ನಿದ್ದೆಗಣ್ಣಲ್ಲಿ ಇದ್ದಿರಬೇಕು ಎಂದುಕೊಂಡು ಹತ್ತಲೂಬಹುದಿತ್ತು. ಆದರೆ ಆ ಹುಡುಗಿ ಕೊಟ್ಟಿಗೆಗೆ ಹಿಂದಿನಿಂದ ಓಡಿ ಬಂದು ಬಾಲದ ಪಕ್ಕದಲ್ಲಿ ಬೂದಾ ಎಂದು ಕೂಗುವುದು ಕಣ್ಣಿಗೆ ಕಟ್ಟಿತು. ಕೂಗಿದ್ದು ಕೇಳದ ಕುದುರೆಗೆ ಹಿಂದಿನಿಂದ ಕೈ ಸೋಕಿದರೆ ಅದು ಮೊದಲು ಒದೆಯುತ್ತದೆ, ಆಮೇಲೆ ತಿರುಗಿ ನೋಡುತ್ತದೆ. ಎಂಟು ವರ್ಷದವಳ ಹಣೆ ಒದೆಯಲು ಎತ್ತಿದ ಗೊರಸಿನ ಮಟ್ಟಕ್ಕೇ ಇರುತ್ತದೆ.

ಬಸ್ಸು ಹೋಯಿತು. ರಸ್ತೆ ದಾಟಿ ಆ ಕಡೆಯ ಬಸ್ಸಿಗೆ ನಿಂತೆ.

ಬಯಲಿಗೆ ಬಂದಾಗ ಸವಾರಿಯಣ್ಣ ಮಾಡಿನ ಹೊರಗೆ ಜೀನು ಒರೆಸುತ್ತಿದ್ದ. ನಾನು ಅವನ ಜೊತೆ ಮಾತಾಡದೆ ನೇರವಾಗಿ ಬೂದನ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ ನಿಂತು ಕರೆದೆ. ಚಪ್ಪಾಳೆ ತಟ್ಟಿದೆ. ಸಿಳ್ಳೆ ಹಾಕಿದೆ, ಈ ವಯಸ್ಸಿನಲ್ಲಿ ಗಾಳಿಯೇ ಹೆಚ್ಚು ಬಂತು. ಕಿವಿ ಅಲುಗಲಿಲ್ಲ. ಕೊನೆಗೆ ಬಲಗಾಲು ಎತ್ತಿ ನೆಲಕ್ಕೆ ಜೋರಾಗಿ ತುಳಿದೆ. ನೆಲದ ಅದುರು ಗೊರಸಿಗೆ ತಾಕಿತು; ಬೂದ ತಟ್ಟನೆ ತಿರುಗಿ ನನ್ನನ್ನು ನೋಡಿತು.

“ಯಾವತ್ತಿಂದ?” ಎಂದು ಕೇಳಿದೆ.

“ಏನು ಯಾವತ್ತಿಂದ?”

“ತಮ್ಮಾ, ನನಗೆ ಮಂಡಿ ನೋವು. ನಿಂತುಕೊಂಡು ನಿನ್ನ ಹತ್ತಿರ ಆಟ ಆಡೋಕಾಗಲ್ಲ.”

ಅವನು ಬೆಳಗ್ಗೆ ನಾನು ಎತ್ತಿ ಹಾಕಿದ ಬಕೆಟ್ಟನ್ನೇ ಬೋರಲು ಹಾಕಿ ಕೂರಿಸಿದ. ತಾನು ನೆಲದ ಮೇಲೆ ಕೂತ.

“ಮೂರು ವರ್ಷ ಆಗಿರಬೇಕು. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಈ ಹಾಡಿನ ಡಬ್ಬಿ ಬುಡದಲ್ಲೇ ಅಲ್ವಾ ಹನ್ನೊಂದು ವರ್ಷ ಕಟ್ಟಿದ್ದು. ನನ್ನ ಎಡಗಿವಿನೂ ಅಷ್ಟಕ್ಕಷ್ಟೇ.”

“ಬೆಳಿಗ್ಗೆ ಯಾಕೆ ಹೇಳಲಿಲ್ಲ?”

“ನೀನು ಹಲ್ಲು ನೋಡಿದೆ, ಗೊರಸು ನೋಡಿದೆ. ಆ ಪುಣ್ಯಾತ್ಮ ಕಣ್ಣನ್ನೂ ನೋಡಿದ. ಯಾರಾದ್ರೂ ಕಿವಿ ಹೇಗಿದೆ ಅಂತ ಕೇಳಿದ್ರೆ ಹೇಳೋಣ ಅಂತಲೇ ನಿಂತಿದ್ದೆ. ಯಾರೂ ಕೇಳಲಿಲ್ಲ.” ಜೀನಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. “ಇಷ್ಟು ವರ್ಷ ಒಂದು ಮಗೂನೂ ಬಿದ್ದಿಲ್ಲ ಅಕ್ಕ. ಹಗ್ಗ ಹಿಡಿದು ನಾನೇ ಪಕ್ಕದಲ್ಲಿ ಇರ್ತಿದ್ದೆ.”

“ಅವರ ಮನೇಲಿ ನೀನಿರಲ್ಲ.”

“ಇರಲ್ಲ.” ಜೀನನ್ನು ಪಕ್ಕಕ್ಕಿಟ್ಟ. “ಗೂಡಿನವನು ನಾಳೆನೂ ಬರ್ತಾನೆ. ನೀನು ಬಾಯಿ ಬಿಟ್ರೆ ಇವನು ನಾಡಿದ್ದು ಇಟ್ಟಿಗೆ ಹೊರ್ತಾನೆ. ಯೋಚನೆ ಮಾಡು. ನಿನ್ನ ಹೆಸರೂ ಹೋಗುತ್ತೆ.”

ಯೋಚನೆ ಮಾಡುವುದಕ್ಕೂ ಶಕ್ತಿ ಬೇಕು. ನನಗೆ ಆ ಬಕೆಟ್ಟಿನ ಮೇಲಿಂದ ಏಳುವಷ್ಟು ಮಾತ್ರ ಉಳಿದಿತ್ತು. ಎದ್ದೆ.

ಕನ್ನಡಕದ ಅಂಗಡಿ ಮೂರು ಬೀದಿ ಆಚೆ. ಗೋಡೆಯ ಮೇಲೆ ದೊಡ್ಡ ಅಕ್ಷರದಿಂದ ಚಿಕ್ಕ ಅಕ್ಷರಕ್ಕೆ ಇಳಿಯುವ ಹಲಗೆ. ಗಾಜಿನ ಪೆಟ್ಟಿಗೆಯಲ್ಲಿ ಕಣ್ಣಿಲ್ಲದ ಕನ್ನಡಕಗಳು. ಶಾಲೆಗೆ ರಜೆಯಿದ್ದುದರಿಂದ ಹುಡುಗಿ ಮೂಲೆಯ ಸ್ಟೂಲಿನ ಮೇಲೆ ಕೂತು ಮೆತ್ತನೆ ಬಟ್ಟೆಯಿಂದ ಗಾಜು ಒರೆಸುತ್ತಿದ್ದಳು. ನನ್ನನ್ನು ಕಂಡವಳೇ ಕುದುರೆಯೇ ಬಂದ ಹಾಗೆ ಎದ್ದು ನಿಂತಳು.

ನಿಂತೇ ಹೇಳಿದೆ. ಬೂದನಿಗೆ ಕಿವಿ ಕೇಳಿಸುವುದಿಲ್ಲ. ಬೆಳಗ್ಗೆ ನಾನು ಗಮನಿಸಲಿಲ್ಲ. ನಲವತ್ತು ಸಾವಿರ ಎಂದದ್ದು ತಪ್ಪು.

ಕನ್ನಡಕದವನು ಕೈಯಲ್ಲಿದ್ದ ಸಣ್ಣ ತಿರುಪುಳಿಯನ್ನು ಮೇಜಿನ ಮೇಲಿಟ್ಟ. “ನೀವು ಹೇಳಿದ್ರಿ ಅಂತ ಒಪ್ಪಿಕೊಂಡೆ ನಾನು. ಹೆಚ್ಚಾಯ್ತು ಅಂತ ಕೂಡ ಅನ್ನಲಿಲ್ಲ.”

“ಹೌದು.”

“ಹಾಗಾದ್ರೆ ಬೇಡ ಬಿಡಿ. ಆ ಇಟ್ಟಿಗೆ ಗೂಡಿನವನೇ ತಗೊಳ್ಳಲಿ.” ಮಗಳ ಕಡೆ ನೋಡದೆ ಹೇಳಿದ.

ಹುಡುಗಿ ಅಳಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು, “ಒಂದು ವರ್ಷದಿಂದ ಎಲ್ಲಾ ಹೇಳಿದೀನಿ ಅದಕ್ಕೆ,” ಎಂದಳು. ಮೋಸ ಹೋದವರ ದನಿ. ಆಮೇಲೆ ನನ್ನನ್ನು ಕೇಳಿದಳು, “ಅಜ್ಜಿ, ಗೂಡಲ್ಲಿ ಕುದುರೇನ ಹೇಗೆ ನಡೆಸ್ತಾರೆ?”

“ಕೂಗಿ ನಡೆಸ್ತಾರೆ.”

“ಕೂಗಿದ್ದು ಕೇಳಿಸದೆ ಇದ್ರೆ?”

“ಹೊಡೀತಾರೆ.”

ಕನ್ನಡಕದವನು ಒಂದು ಕುರ್ಚಿ ಎಳೆದು ನನ್ನ ಹಿಂದೆ ಇಟ್ಟ. ಅದು ಕಣ್ಣು ಪರೀಕ್ಷೆಗೆ ಕೂರಿಸುವ ಕುರ್ಚಿ. ಕೂತರೆ ಎದುರಿಗೆ ಅಕ್ಷರದ ಹಲಗೆ. ಕೆಳಗಿನ ಎರಡು ಸಾಲು ನನಗೆ ಕಾಣಲಿಲ್ಲ.

“ನಿಜ ಹೇಳಿ. ನಿಮ್ಮ ಮೊಮ್ಮಗಳಾಗಿದ್ರೆ ಕೊಡಿಸ್ತಿದ್ರಾ?” ಎಂದ.

“ಹಾಗೇ ಕೊಡಿಸ್ತಿರಲಿಲ್ಲ.”

“ಮತ್ತೆ ಹೇಗೆ ಕೊಡಿಸ್ತಿದ್ರಿ?”

“ಹಿಂದಿನಿಂದ ಹೋಗೋ ಮೊದಲು ನೆಲ ತುಳಿಯೋದು, ಕತ್ತು ಮುಟ್ಟಿ ನಿಲ್ಲಿಸೋದು, ಹಿಮ್ಮಡಿಯಿಂದ ತಿರುಗಿಸೋದು. ಬಾಯಿ ಮಾತು ಒಂದೂ ಇಲ್ಲದೆ. ರೂಢಿ ಆಗೋ ತನಕ ದಿನಾ ಬೆಳಿಗ್ಗೆ ಯಾರಾದ್ರೂ ಪಕ್ಕದಲ್ಲಿ ನಿಂತು ಕಲಿಸಬೇಕು. ಮೂರು ತಿಂಗಳು ಆದ್ರೂ ಬೇಕು.”

“ಯಾರು ನಿಲ್ಲೋದು?”

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಅಕ್ಷರದ ಹಲಗೆ ನೋಡಿದೆ. ಕಿಟಕಿಯ ಪಕ್ಕದ ಕುರ್ಚಿ, ತಂಗಿಯ ಮನೆಯ ಮಧ್ಯಾಹ್ನದ ನೆರಳು, ಎಲ್ಲ ಒಂದು ಸಲ ಬಂದು ಹೋಯಿತು. ತಪ್ಪು ನನ್ನದು. ಅದನ್ನು ಬೇರೆ ಯಾರ ಬೆನ್ನಿಗೆ ಹೇರುವುದು?

“ನಾನೇ,” ಎಂದೆ.

“ನಿಮಗೆ ಏನು ಕೊಡಬೇಕು?”

“ತಪ್ಪು ಮಾಡಿದ್ದಕ್ಕೆ ಯಾರಾದ್ರೂ ಕೂಲಿ ಕೊಡ್ತಾರಾ? ಬಸ್ ಚಾರ್ಜು ಕೊಡಿ.”

ಅವನು ತಿರುಪುಳಿಯನ್ನು ಮತ್ತೆ ಕೈಗೆತ್ತಿಕೊಂಡ. “ಈಗ ಬೆಲೆ?”

“ಇಪ್ಪತ್ತು ಸಾವಿರ.”

“ಎರಡು ಕಿವಿಗೆ ಇಪ್ಪತ್ತು ಸಾವಿರ ಕಳೆದ್ರಾ? ನಾನು ತಪ್ಪು ಅಂಗಡಿ ಇಟ್ಟುಕೊಂಡಿದೀನಿ ಅನ್ಸುತ್ತೆ,” ಎಂದ. ನಗಲಿಲ್ಲ, ಆದರೆ ಮುಖದ ಬಿಗಿ ಸಡಿಲವಾಗಿತ್ತು.

ಮರುದಿನ ಬೆಳಗ್ಗೆ ಬಯಲಿನಲ್ಲಿ ಅದೇ ಐದು ಜನ. ಎರಡು ಬದಿಯವರೂ ಹಗ್ಗ ಹಿಡಿದ ಮೇಲೆ ನಾನು ಹಳೆಯ ಚೀಟಿ ಹರಿದೆ. ಬೂದನಿಗೆ ಕೇಳಿಸುವುದಿಲ್ಲ, ಬೆಲೆ ಇಪ್ಪತ್ತು ಸಾವಿರ ಎಂದು ಗಟ್ಟಿಯಾಗಿ ಹೇಳಿದೆ. ನನ್ನ ದನಿ ನನಗೇ ಯಾರದೋ ದನಿಯ ಹಾಗೆ ಕೇಳಿಸಿತು.

ಗೇಟಿನವನು ಒರಗಿದ್ದಲ್ಲಿಂದ ನೆಟ್ಟಗಾದ. “ಲಾಳದಮ್ಮ ಎರಡು ಮಾತು ಆಡಿದ್ಲು. ಕೇಳಿಸ್ಕೊಂಡ್ರಲ್ಲ ಎಲ್ಲರೂ? ಮನೇಲಿ ಕೂತ್ಕೋ ಅಜ್ಜಿ, ವಯಸ್ಸಾಯ್ತು.” ಆಮೇಲೆ ಸವಾರಿಯಣ್ಣನ ಹತ್ತಿರ ಬಂದ. “ನಾನು ಇಪ್ಪತ್ತೆರಡು ಕೊಡ್ತೀನಿ. ಗೂಡು ಹಚ್ಚೋ ಕಾಲ, ಕುದುರೆ ಸಿಕ್ತಿಲ್ಲ. ಕಿವಿ ಯಾರಿಗೆ ಬೇಕು ಅಲ್ಲಿ?”

ಒಪ್ಪದವರು ಹಗ್ಗ ಬಿಡಬಹುದು. ಸವಾರಿಯಣ್ಣನ ಬೆರಳು ಸಡಿಲವಾದದ್ದನ್ನು ನಾನು ನೋಡಿದೆ. ಎರಡು ಸಾವಿರ ಅವನಿಗೆ ಚಿಕ್ಕ ಮೊತ್ತವಲ್ಲ. ಮೊದಲೇ ಇಪ್ಪತ್ತು ಕಳೆದುಕೊಂಡಿದ್ದ, ಅದೂ ನನ್ನಿಂದ. ಬಾಯಿ ಬಿಟ್ಟು ಕೇಳಿಕೊಳ್ಳಲು ನನಗೆ ಮುಖವಿರಲಿಲ್ಲ. ಹುಡುಗಿ ಅವನ ಕೈಯನ್ನೇ ನೋಡುತ್ತಿದ್ದಳು. ಬೂದ ತನ್ನ ಯಜಮಾನನ ಮುಖ ನೋಡುತ್ತಿತ್ತು, ಕಿವಿಗಳೆರಡೂ ಮುಂದಕ್ಕೆ. ಅದಕ್ಕೆ ತಿಳಿಯುತ್ತಿದ್ದುದೆಲ್ಲ ಆ ಮುಖದಿಂದಲೇ.

“ನಿನ್ನೆ ಹದಿನೈದು ಅಂದವನು ಇವತ್ತು ಇಪ್ಪತ್ತೆರಡು ಅಂತೀಯ,” ಎಂದ ಸವಾರಿಯಣ್ಣ ನಿಧಾನವಾಗಿ. “ನೀನೂ ಎರಡು ಮಾತಿನವನೇ. ಹೋಗು, ನಿನ್ನ ಜನ ಇವನನ್ನ ಕೂಗಿ ಕೂಗಿ ಸುಸ್ತಾಗೋದು ಬೇಡ.”

ಹಗ್ಗವನ್ನು ಹುಡುಗಿಯ ಕೈಗೆ ಕೊಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ಹಣವನ್ನು ಎಣಿಸದೆ ಜೇಬಿಗೆ ಹಾಕಿಕೊಂಡ. ನನ್ನ ಕಡೆ ತಿರುಗಿ ನೋಡಲಿಲ್ಲ. ಆ ಮೇಲೆ ಇಂದಿನವರೆಗೂ ನನ್ನ ಜೊತೆ ಮಾತಾಡಿಲ್ಲ.

ಬೆಲೆ ಕೇಳಲು ಮತ್ತೆ ಯಾರೂ ಬರಲಿಲ್ಲ. ತಂಗಿಗೆ ಬರೆದೆ: ಇನ್ನು ಮೂರು ತಿಂಗಳು ಆಗುತ್ತದೆ, ಕುರ್ಚಿ ಅಲ್ಲೇ ಇರಲಿ, ಅದರ ಮೇಲೆ ಬಟ್ಟೆ ಒಣಗಹಾಕಬೇಡ. ಈಗಲೂ ದಿನಾ ಮೊದಲನೆಯ ಬಸ್ಸು. ಈಗಲೂ ಅದೇ ಮೆಟ್ಟಿಲು, ಅದೇ ಕಟಕ್. ಕೊಟ್ಟಿಗೆಯ ಮೂಲೆಗೆ ಬಂದಾಗ ನಿಂತು ನೆಲ ತುಳಿಯಬೇಕು. ಎಡಗಾಲಿನಲ್ಲಿ ಆಗುವುದಿಲ್ಲ, ಬಲಗಾಲೇ ಗತಿ.

ಮೊದಲ ವಾರ ಹುಡುಗಿ ದಿನಾ ಮರೆಯುತ್ತಿದ್ದಳು. ಓಡಿ ಬರುವುದು, ಕೂಗುವುದು, ನಾನು ಅವಳ ರಟ್ಟೆ ಹಿಡಿದು ಎಳೆಯುವುದು. ಹನ್ನೊಂದನೆಯ ದಿನವೂ ಹಾಗೆಯೇ ಓಡಿ ಬಂದಳು, ಬಾಯಿ ತೆರೆದೇ ಇತ್ತು. ನಾನು ಬೋರಲು ಹಾಕಿದ ಬಕೆಟ್ಟಿನಿಂದ ಏಳುವಷ್ಟರಲ್ಲಿ ಅವಳು ಮೂಲೆಯಲ್ಲಿ ತಟ್ಟನೆ ನಿಂತು, ಬಾಯಿ ಮುಚ್ಚಿ, ಕಾಲೆತ್ತಿ ನೆಲಕ್ಕೆ ತುಳಿದಳು. ಬೂದ ತಿರುಗಿ ನೋಡಿತು. ಬದಿಯಿಂದ ಹೋಗಿ ಕತ್ತು ಮುಟ್ಟಿದಳು, ಮುಖ ಹಚ್ಚಿ ಪಿಸುಗುಟ್ಟತೊಡಗಿದಳು.

“ಅದಕ್ಕೆ ಕೇಳಿಸಲ್ಲ ಅಂತ ಗೊತ್ತಲ್ಲ?” ಎಂದೆ.

“ಗೊತ್ತು ಅಜ್ಜಿ. ಒಂದ್ನಿಮಿಷ ಇರಿ,” ಎಂದು ಮತ್ತೆ ಮುಂದುವರಿಸಿದಳು.

ನಾನು ಬಕೆಟ್ಟಿನ ಮೇಲೆ ಮತ್ತೆ ಕೂತೆ. ಇನ್ನು ಎಪ್ಪತ್ತೊಂಬತ್ತು ಬೆಳಗು ಉಳಿದಿದ್ದವು.